ಹಾರುವ ಮೊದಲು ನಿಲ್ಲುವುದು: ಗೋಲ್‌ಕೀಪರ್ ಕೆಲಸ ನಾನು ಮಾಡುವ ರೀತಿ

ಫುಟ್‌ಬಾಲ್ ಗೋಲ್‌ನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗೆರೆಯ ಮೇಲೆಯೇ ನಿಂತರೆ ಆರೂಕಾಲು ಅಡಿಯ ಕೀಪರ್‌ಗೂ ಇದನ್ನೆಲ್ಲ ಮುಚ್ಚಲು ಆಗದು. ಹಾಗಾಗಿ ನನ್ನ ಅಭ್ಯಾಸದ ದೊಡ್ಡ ಪಾಲು ಹೋಗುವುದು ಕಾಲಿಗೆ. ಎಲ್ಲಿ ನಿಲ್ಲಬೇಕು, ಯಾವಾಗ ನಿಂತಿರಬೇಕು, ಇವೆರಡೂ ಸರಿಯಿದ್ದರೆ ಅರ್ಧಕ್ಕರ್ಧ ಚೆಂಡುಗಳು ಎದೆಗೇ ಬರುತ್ತವೆ. ನೋಡುವವರಿಗೆ ಅದು ಸೇವ್ ಅಂತಲೂ ಅನಿಸುವುದಿಲ್ಲ. ಹಾರಿ ಬೆರಳ ತುದಿಯಲ್ಲಿ ತಳ್ಳಿದ ಚೆಂಡಿಗೆ ಚಪ್ಪಾಳೆ ಬೀಳುತ್ತದೆ. ಆದರೆ ಅಂಥ ಸೇವ್‌ಗಳಲ್ಲಿ ಹಲವು, ಎರಡು ಹೆಜ್ಜೆ ಮೊದಲೇ ಸರಿದಿದ್ದರೆ ಬೇಕೇ ಇರಲಿಲ್ಲ.

ಜಾಗ ಕಲಿಯಲು ಹಗ್ಗದಷ್ಟು ಒಳ್ಳೆಯ ಗುರು ಇಲ್ಲ. ಎರಡು ಉದ್ದನೆಯ ಹಗ್ಗ ತೆಗೆದುಕೊಂಡು ಒಂದೊಂದನ್ನು ಒಂದೊಂದು ಕಂಬದ ಬುಡಕ್ಕೆ ಕಟ್ಟಬೇಕು. ಇನ್ನೆರಡು ತುದಿಗಳನ್ನು ಚೆಂಡಿರುವ ಕಡೆ ಸೇರಿಸಿ ಒಬ್ಬರು ಹಿಡಿದು ನಿಲ್ಲಬೇಕು. ಎರಡು ಹಗ್ಗಗಳ ಸರಿ ನಡುವೆ ನಾನಿದ್ದೇನೆಯೇ ಎನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ಚೆಂಡು ಹಿಡಿದವರು ಎಡಕ್ಕೆ ಬಲಕ್ಕೆ ನಡೆಯುತ್ತಾರೆ, ನಾನು ಸಣ್ಣ ಹೆಜ್ಜೆಯಲ್ಲಿ ಸರಿಯುತ್ತೇನೆ, ಅವರು ನಿಂತಾಗ ನಾನೂ ನಿಂತು ಹಗ್ಗ ನೋಡುತ್ತೇನೆ. ಹೆಚ್ಚಿನ ಹುಡುಗರು ಹತ್ತಿರದ ಕಂಬಕ್ಕೆ ಹೆದರಿ ಅದಕ್ಕೆ ಅಂಟಿಕೊಂಡು, ದೂರದ ಕಡೆ ಒಂದು ಗಜ ಬಿಟ್ಟಿರುತ್ತಾರೆ. ಅದನ್ನು ಬಾಯಲ್ಲಿ ಎಷ್ಟು ಹೇಳಿದರೂ ನಂಬುವುದಿಲ್ಲ, ಹಗ್ಗ ತೋರಿಸಿದರೆ ಒಪ್ಪುತ್ತಾರೆ.

ಗೆರೆ ಬಿಟ್ಟು ಮುಂದೆ ಬರುವುದರ ಲೆಕ್ಕವೂ ಇಲ್ಲೇ ಸಿಗುತ್ತದೆ. ಚೆಂಡು ಗೋಲ್‌ಗೆ ನೇರವಾಗಿ 18 ಮೀಟರ್ ದೂರದಲ್ಲಿದೆ ಅನ್ನಿ. ನಾನು ಗೆರೆಯಿಂದ 3 ಮೀಟರ್ ಮುಂದೆ ಬಂದರೆ ಮುಚ್ಚಬೇಕಾದ ಅಗಲ 7.32ರಿಂದ 6.1 ಮೀಟರ್‌ಗೆ ಇಳಿಯುತ್ತದೆ. 5 ಮೀಟರ್ ಬಂದರೆ 5.3ರ ಆಸುಪಾಸು. ಇದಕ್ಕೆ ಬೆಲೆಯೂ ಇದೆ. ಗಂಟೆಗೆ 90 ಕಿ.ಮೀ. ವೇಗದ ಹೊಡೆತ 18 ಮೀಟರ್ ದಾಟಲು 0.72 ಸೆಕೆಂಡ್ ಬೇಕು. 3 ಮೀಟರ್ ಮುಂದಿದ್ದರೆ ನನಗೆ ಸಿಗುವುದು 0.6 ಸೆಕೆಂಡ್ ಮಾತ್ರ. ಜೊತೆಗೆ ತಲೆಯ ಮೇಲಿಂದ ಎತ್ತಿ ಹಾಕುವ ಅಪಾಯ. ಎದುರಾಳಿ ತಲೆ ತಗ್ಗಿಸಿ ಚೆಂಡು ನೋಡುತ್ತಿದ್ದಾಗ ನಾನು ಮುಂದೆ ಸರಿಯುತ್ತೇನೆ. ಅವನು ತಲೆಯೆತ್ತಿ ಕಾಲು ಹಿಂದೆ ಎಳೆದ ಕ್ಷಣಕ್ಕೆ ಎಲ್ಲಿದ್ದರೆ ಅಲ್ಲೇ ನಿಲ್ಲುತ್ತೇನೆ.

ಈ ನಿಲ್ಲುವುದೇ ಕಷ್ಟದ್ದು. ಬೂಟು ಚೆಂಡಿಗೆ ತಾಗುವ ಹೊತ್ತಿಗೆ ಎರಡೂ ಪಾದ ನೆಲದಲ್ಲಿರಬೇಕು, ಭುಜದಷ್ಟು ಅಗಲವಿರಬೇಕು, ಭಾರ ಮುಂಗಾಲಲ್ಲಿರಬೇಕು, ಕೈ ಸೊಂಟಕ್ಕಿಂತ ತುಸು ಮೇಲೆ ದೇಹದ ಮುಂದಿರಬೇಕು. ಜಾಗ ಒಂದು ಹೆಜ್ಜೆ ತಪ್ಪಿದ್ದರೂ ಪರವಾಗಿಲ್ಲ, ಚಲಿಸುತ್ತಿರಬಾರದು. ಬಲಕ್ಕೆ ಓಡುತ್ತಿರುವಾಗ ಹೊಡೆತ ಎಡಕ್ಕೆ ಬಂದರೆ ಎಡಕ್ಕೆ ತಳ್ಳಬೇಕಾದ ಕಾಲು ಗಾಳಿಯಲ್ಲಿರುತ್ತದೆ. ಹತ್ತಿರದ ಕಂಬದ ಬಳಿ ಬೀಳುವ ಎಷ್ಟೋ ಗೋಲ್‌ಗಳಿಗೆ ಕಾರಣ ಇದು. ಟಿವಿಯಲ್ಲಿ ಮಾತಾಡುವವರು ಕೈಯನ್ನು ಬೈಯುತ್ತಾರೆ, ತಪ್ಪು ಕಾಲಿನದು.

ಹಿಡಿತದ ವಿಷಯ ಬೇಗ ಹೇಳಬಹುದು. ಎದೆಗಿಂತ ಮೇಲಿನ ಚೆಂಡಿಗೆ ಹೆಬ್ಬೆರಳುಗಳು ಹತ್ತಿರ, ಅಂಗೈ ಚೆಂಡಿನ ಹಿಂದೆ. ಹೊಟ್ಟೆಯ ಮಟ್ಟಕ್ಕೆ ಬಂದರೆ ಮೊಣಕೈ ಒಳಗೆ ಸೇರಿಸಿ ಎದೆಗೆ ಅಪ್ಪಿಕೊಳ್ಳುವುದು. ನೆಲದ ಚೆಂಡಿಗೆ ಕಿರುಬೆರಳುಗಳು ಹತ್ತಿರ, ಬೆರಳು ಕೆಳಮುಖ, ಹಿಂದೆ ಒಂದು ಮಂಡಿ ಅಡ್ಡ. ಕೈ ತಪ್ಪಿದರೂ ಕಾಲು ತಡೆಯಬೇಕು.

ಕೆಳಗಿನ ಚೆಂಡಿಗೆ ಹಾರುವ ಡೈವ್‌ನಲ್ಲಿ ಮೊದಲ ಹೆಜ್ಜೆ ಪಕ್ಕಕ್ಕಲ್ಲ, 45 ಡಿಗ್ರಿ ಮುಂದಕ್ಕೆ. ಹಿಂದಕ್ಕೆ ಬಿದ್ದರೆ ಕೈಗೆ ತಗುಲಿದ ಚೆಂಡೂ ಗೋಲ್‌ನೊಳಗೇ ಹೋಗುತ್ತದೆ. ಕೆಳಗಿನ ಕೈ ಚೆಂಡಿನ ಹಿಂದೆ, ಮೇಲಿನ ಕೈ ಚೆಂಡಿನ ಮೇಲೆ, ಮೂರನೆಯ ಕೈ ನೆಲ. ಬೀಳುವ ಕ್ರಮ: ಮೀನಖಂಡದ ಹೊರಬದಿ, ತೊಡೆ, ಸೊಂಟ, ಪಕ್ಕೆ, ಭುಜ. ಮೊಣಕೈ ಮೊದಲು ನೆಲಕ್ಕೆ ತಾಗಿದರೆ ಪೆಟ್ಟು ನೇರ ಭುಜದ ಕೀಲಿಗೆ ಹೋಗುತ್ತದೆ. ಹೊಟ್ಟೆ ಮೊದಲು ತಾಗಿದರೆ ಉಸಿರು ಕಟ್ಟಿ ಎರಡನೇ ಹೊಡೆತಕ್ಕೆ ಏಳಲಾಗುವುದಿಲ್ಲ. ಕಲಿಯುವವರನ್ನು ಮೊದಲು ಕೂತಲ್ಲಿಂದ ಬೀಳಿಸಿ, ಆಮೇಲೆ ಮಂಡಿಯೂರಿ, ಆಮೇಲೆ ಕುಕ್ಕರಗಾಲಿನಿಂದ, ಕೊನೆಗೆ ನಿಂತಲ್ಲಿಂದ. ಎತ್ತರದ ಡೈವ್‌ನಲ್ಲಿ ಹಿಡಿದ ಚೆಂಡು ನೆಲಕ್ಕೆ ಮೊದಲು ತಾಗಲಿ, ದೇಹ ಅದರ ಹಿಂದೆ ಇಳಿಯಲಿ.

ನೆಲದ ಗುಣ ನೋಡದೆ ಇದನ್ನೆಲ್ಲ ಮಾಡಿದರೆ ಚರ್ಮ ಉಳಿಯುವುದಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಿಜವಾದ ಹುಲ್ಲು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೃತಕ ಹುಲ್ಲು. ಅಭ್ಯಾಸಕ್ಕೆ ಸಿಗುವ ಬಡಾವಣೆಯ ಗ್ರೌಂಡ್‌ಗಳಲ್ಲಿ ಬಹುಪಾಲು ಕೆಂಪು ಮಣ್ಣು. ಕೃತಕ ಹುಲ್ಲಿನಲ್ಲಿ ಜಾರಿದರೆ ಚರ್ಮ ಸುಟ್ಟ ಹಾಗೆ ಸುಲಿಯುತ್ತದೆ, ಅದಕ್ಕೆ ತೊಡೆಗೂ ಮಂಡಿಗೂ ಒಳಗವಸು, ಉದ್ದ ತೋಳಿನ ಅಂಗಿ. ಆ ನೆಲದಲ್ಲಿ ಚೆಂಡು ಪುಟ ಬಿದ್ದು ಚುರುಕಾಗಿ ನುಗ್ಗುವುದರಿಂದ ಪುಟಕ್ಕೆ ಕಾಯದೆ ಮುಂದೆ ಹೋಗಿ ಎತ್ತಿಕೊಳ್ಳುತ್ತೇನೆ. ಅಡಿಯಲ್ಲಿ ಉದ್ದ ಗುಬ್ಬಿಗಳಿರುವ (ಸ್ಟಡ್) ಬೂಟು ಅಲ್ಲಿ ಬೇಡ. ಕಾಲು ನೆಲಕ್ಕೆ ಕಚ್ಚಿಕೊಂಡು ದೇಹ ತಿರುಗಿದರೆ ಹೋಗುವುದು ಮಂಡಿ. ಮಣ್ಣಿನಲ್ಲಿ ಪ್ಯಾಡ್ ಇರುವ ಪ್ಯಾಂಟ್ ಹಾಕಿಕೊಂಡು, ಡೈವ್ ಕಡಿಮೆ ಮಾಡಿ, ಕಾಲಿನ ಕೆಲಸ ಮತ್ತು ಹಿಡಿತ ಮಾತ್ರ ಮಾಡುವುದು ಜಾಣತನ.

ಗ್ಲೌಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ದುಡ್ಡು ಸುರಿದು ಹಾಳು ಮಾಡುವವರೇ ಹೆಚ್ಚು. ಪಂದ್ಯದ ಗ್ಲೌಸ್‌ನ ಅಂಗೈಯಲ್ಲಿ ಸಾಮಾನ್ಯವಾಗಿ 3.5ರಿಂದ 4 ಮಿ.ಮೀ. ಮೃದು ಲೇಟೆಕ್ಸ್ ಇರುತ್ತದೆ. ಹೊಸದಕ್ಕೆ ಕಾರ್ಖಾನೆಯಲ್ಲಿ ಸವರಿದ ರಕ್ಷಕ ಪದಾರ್ಥ ಇರುವುದರಿಂದ ಮೊದಲ ಬಳಕೆಗೆ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಜಾರುತ್ತದೆ. ಲೇಟೆಕ್ಸ್ ಒಣಗಿದ್ದರೆ ಹಿಡಿಯುವುದಿಲ್ಲ. ಪಂದ್ಯಕ್ಕೆ ಮುಂಚೆ, ಮಧ್ಯಂತರದ ಬಳಿಕ ಅಂಗೈಗೆ ನೀರು ಚಿಮುಕಿಸಿ ತೇವವಾಗಿಡುತ್ತೇನೆ, ತೊಟ್ಟಿಕ್ಕುವಷ್ಟಲ್ಲ. ಅಳತೆ ನೋಡುವಾಗ ಬೆರಳ ತುದಿಗೂ ಗ್ಲೌಸ್ ತುದಿಗೂ ಸುಮಾರು ಒಂದು ಸೆಂ.ಮೀ. ಬಿಡುವು ಸಾಕು. ತೀರಾ ಬಿಗಿಯಾದರೆ ಬೆರಳ ಸಂದಿನ ಹೊಲಿಗೆ ಬಿಡುತ್ತದೆ.

ನೆಲದಿಂದ ಏಳುವಾಗ ಅಂಗೈ ಊರಿ ಏಳಬಾರದು, ಮುಷ್ಟಿ ಊರಿ ಏಳಬೇಕು. ಅಂಗೈ ಬೇಗ ಕಿತ್ತುಹೋಗುವುದು ಚೆಂಡಿನಿಂದಲ್ಲ, ಈ ಅಭ್ಯಾಸದಿಂದ. ತೊಳೆಯುವಾಗ ಕೈಗೆ ಹಾಕಿಕೊಂಡೇ ಮೃದುವಾದ ಶಾಂಪೂ ಹಚ್ಚಿ ಉಜ್ಜಿ, ಕೃತಕ ಹುಲ್ಲಿನ ರಬ್ಬರ್ ಹರಳುಗಳನ್ನು ಬಿಡಿಸಿ, ಹಿಂಡದೆ ಒತ್ತಿ ನೀರು ತೆಗೆಯಬೇಕು. ಬಿಸಿಲಿಗೆ ಹಾಕಿದರೆ ಲೇಟೆಕ್ಸ್ ಗಟ್ಟಿಯಾಗಿ ಬಿರಿಯುತ್ತದೆ, ನೆರಳೇ ಸರಿ. ಎರಡು ಅಂಗೈ ಒಂದಕ್ಕೊಂದು ಅಂಟುವಂತೆ ಮಡಚಿ ಚೀಲಕ್ಕೆ ತುರುಕಿದರೆ ಬಿಡಿಸುವಾಗ ಪದರ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಒದ್ದೆ ಗ್ಲೌಸ್ ಚೀಲದಲ್ಲೇ ಬಿಟ್ಟರೆ ಬೂಷ್ಟು. ಪಂದ್ಯಕ್ಕೊಂದು ಜೊತೆ, ಅದು ಸವೆದಾಗ ಅಭ್ಯಾಸಕ್ಕೆ, ತೀರಾ ಸವೆದದ್ದು ಮಣ್ಣಿನ ಗ್ರೌಂಡ್‌ಗೆ: ಹೀಗೆ ಇಳಿಸುತ್ತಾ ಬಂದರೆ ಖರ್ಚು ತಡೆದುಕೊಳ್ಳಬಹುದು.

ಪಕ್ಕದಿಂದ ಗೋಲ್ ಮುಂದಕ್ಕೆ ಎತ್ತಿ ಕಳಿಸುವ ಚೆಂಡಿಗೆ, ಅಂದರೆ ಕ್ರಾಸ್‌ಗೆ, ನನ್ನ ನಿಯಮ: ತಡವಾಗಿ ಹೊರಡು, ವೇಗವಾಗಿ ಹೋಗು. ಬೇಗ ಹೊರಟವನು ಚೆಂಡಿನ ಅಡಿ ನಿಂತು ಹಿಂದಕ್ಕೆ ನೆಗೆಯಬೇಕಾಗುತ್ತದೆ. ಒಂಟಿ ಕಾಲಲ್ಲಿ ನೆಗೆದು, ಎದುರಾಳಿ ಕಡೆಯ ಮಂಡಿ ಮೇಲೆತ್ತಿ, ಚೆಂಡನ್ನು ಕೈಗೆ ಎಟುಕುವ ಅತಿ ಎತ್ತರದಲ್ಲಿ ಮುಖದ ಮುಂದೆ ಹಿಡಿಯಬೇಕು. ಗುಂಪು ದಟ್ಟವಾಗಿದ್ದರೆ ಹಿಡಿಯುವ ಆಸೆ ಬಿಟ್ಟು ಎರಡು ಮುಷ್ಟಿಯಿಂದ ಎತ್ತರಕ್ಕೆ, ಅಗಲಕ್ಕೆ ಗುದ್ದಬೇಕು. ಹೋಗುವುದಾದರೆ "ಕೀಪರ್!", ಹೋಗದಿದ್ದರೆ "ಅವೇ!" (ನೀವೇ ದೂರ ಕಳಿಸಿ ಎಂದು), ಎರಡರಲ್ಲಿ ಒಂದು ಕೂಗಲೇಬೇಕು. ಬೆಂಗಳೂರಿನ ತಂಡದ ಹಿಂದಿನ ಸಾಲಿನಲ್ಲಿ ಒಬ್ಬ ತಮಿಳು, ಒಬ್ಬ ಮಲಯಾಳಿ, ಒಬ್ಬ ಮಿಜೋರಾಂನವನು ಇರಬಹುದು. ಅದಕ್ಕೇ ಒಂದೇ ಪದದ ಕೂಗುಗಳನ್ನು ಋತುವಿನ ಮೊದಲ ವಾರವೇ ಎಲ್ಲರೂ ಕೂತು ಗೊತ್ತು ಮಾಡಿಕೊಳ್ಳುತ್ತೇವೆ.

ಕಾಲಲ್ಲಿ ಆಡುವುದು ಈಗ ಹೆಚ್ಚುವರಿ ಕಲೆಯಲ್ಲ. 1992ರಲ್ಲಿ ಬ್ಯಾಕ್‌ಪಾಸ್ (ತನ್ನ ತಂಡದವರೇ ಬೇಕೆಂದೇ ಕಾಲಲ್ಲಿ ಕೀಪರ್‌ಗೆ ಒದ್ದು ಕೊಟ್ಟ ಚೆಂಡು) ಕೈಯಲ್ಲಿ ಹಿಡಿಯುವುದನ್ನು ನಿಷೇಧಿಸಿದರು. 2019ರಿಂದ ಕೀಪರ್‌ನ ಗೋಲ್‌ಕಿಕ್ ಅನ್ನು ತನ್ನ ತಂಡದವರು ಪೆನಾಲ್ಟಿ ಆವರಣದೊಳಗೇ ಸ್ವೀಕರಿಸಬಹುದು. ಬ್ಯಾಕ್‌ಪಾಸ್ ಕೇಳುವಾಗ ನಾನು ಕಂಬದ ಆಚೆಗೆ ಸರಿದು ಕೇಳುತ್ತೇನೆ. ಪಾಸ್ ಗೋಲ್‌ನ ಚೌಕಟ್ಟಿನ ಹೊರಗೆ ಬರಲಿ. ಚೆಂಡು ಕಾಲಡಿ ನುಸುಳಿದರೂ ಕಾರ್ನರ್ ಆಗುತ್ತದೆ, ಗೋಲ್ ಆಗುವುದಿಲ್ಲ. 2025-26ರ ನಿಯಮ ಪರಿಷ್ಕರಣೆಯಿಂದ ಚೆಂಡನ್ನು ಕೈಯಲ್ಲಿ 8 ಸೆಕೆಂಡ್‌ಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫ್ರಿ ಕೈಯೆತ್ತಿ ಎಣಿಸುತ್ತಾರೆ. ಚೆಂಡು ಹಿಡಿದು ನೆಲದಲ್ಲಿ ಮಲಗಿ ಸಮಯ ಕಳೆಯುವ ಹಳೆಯ ಚಾಳಿ ಇನ್ನು ನಡೆಯದು. ಹಿಡಿದ ಕೂಡಲೇ ಆವರಣದ ಅಂಚಿಗೆ ಓಡಿ, ಚೆಂಡು ಬಂದ ಬದಿಯ ವಿರುದ್ಧ ಬದಿ ಮೊದಲು ನೋಡುತ್ತೇನೆ. ರೆಫ್ರಿಯ ಕೈ ಮೇಲೇಳುವ ಹೊತ್ತಿಗೆ ಎಲ್ಲಿಗೆ ಕಳಿಸಬೇಕೆಂದು ಗೊತ್ತಿರಬೇಕು.

ಪೆನಾಲ್ಟಿಗೆ 11 ಮೀಟರ್. ಗಂಟೆಗೆ 100 ಕಿ.ಮೀ. ವೇಗಕ್ಕೆ ಚೆಂಡು 0.4 ಸೆಕೆಂಡ್‌ನಲ್ಲಿ ಗೆರೆ ತಲುಪುತ್ತದೆ, ನೋಡಿ ಹಾರುತ್ತೇನೆಂದರೆ ಮೂಲೆಗೆ ತಲುಪುವುದಿಲ್ಲ. ಒದೆಯುವ ಕ್ಷಣ ಒಂದು ಪಾದದ ಒಂದು ಭಾಗವಾದರೂ ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಅದರ ಹಿಂದೆ ಇರಬೇಕು. ನಾನು ನೋಡುವುದು ಒದೆಯುವವನ ನೆಲದ ಕಾಲಿನ ಬೆರಳು ಯಾವ ಕಡೆ, ಸೊಂಟ ತೆರೆದಿದೆಯೇ ಮುಚ್ಚಿದೆಯೇ ಎನ್ನುವುದನ್ನು. ಅದಕ್ಕೂ ಮೊದಲು ಅವನ ಹಳೆಯ ಪೆನಾಲ್ಟಿಗಳ ದಿಕ್ಕನ್ನು ನೀರಿನ ಬಾಟಲಿಗೆ ಅಂಟಿಸಿಕೊಂಡಿರುತ್ತೇನೆ. 2023ರ ಜುಲೈ 4ರಂದು ಕಂಠೀರವದಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ಚಾಂಪಿಯನ್‌ಶಿಪ್) ಫೈನಲ್ ಕುವೈತ್ ವಿರುದ್ಧ 1-1 ಆಗಿ, ಶೂಟೌಟ್‌ನಲ್ಲಿ ಭಾರತ 5-4ರಿಂದ ಗೆದ್ದಿತು. ಭಾರತದ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಕಿಕ್ ತಡೆದದ್ದನ್ನು ಮತ್ತೆ ನೋಡುವವರು ಅವರ ಕೈಯ ಬದಲು ಪಾದ ನೋಡಲಿ.

ಇನ್ನು ವೃತ್ತಿ. ಮೈದಾನದಲ್ಲಿ ಕೀಪರ್‌ಗೆ ಇರುವುದು ಒಂದೇ ಜಾಗ, ತಂಡದಲ್ಲಿ ಮೂವರೋ ನಾಲ್ವರೋ ಇರುತ್ತಾರೆ. ಅಂಚಿನಲ್ಲಿ ಆಡುವ ವಿಂಗರ್‌ನಂತೆ ಕೊನೆಯ 20 ನಿಮಿಷಕ್ಕೆ ಇಳಿಸುವುದೂ ಇಲ್ಲ. ಗುರ್‌ಪ್ರೀತ್ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದ್ದು 2014ರಲ್ಲಿ, ಅಲ್ಲಿನ ಲೀಗ್ ಪಂದ್ಯಕ್ಕೆ ಇಳಿದದ್ದು 2016ರಲ್ಲಿ. ಕಾಯುವುದು ಸೋಲು ಅಂದುಕೊಂಡವರಿಗೆ ಈ ಕೆಲಸ ಹಿಡಿಸದು. ಇದಕ್ಕೆ ಪ್ರತಿಯಾಗಿ ಆಯಸ್ಸು ಉದ್ದ. ಇಟಲಿಯ ಕೀಪರ್ ಡಿನೋ ಜೋಫ್ 1982ರಲ್ಲಿ ವಿಶ್ವಕಪ್ ಗೆದ್ದಾಗ ವಯಸ್ಸು 40. ಈಜಿಪ್ಟಿನ ಎಸ್ಸಾಮ್ ಎಲ್ ಹದರಿ 2018ರಲ್ಲಿ 45ಕ್ಕೆ ವಿಶ್ವಕಪ್ ಆಡಿದರು. ಭಾರತದ ಕೀಪರ್‌ಗೆ ಇನ್ನೊಂದು ಅನುಕೂಲವೂ ಇದೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದ 2014ರಲ್ಲಿ ಇಂಗ್ಲೆಂಡಿನ ಡೇವಿಡ್ ಜೇಮ್ಸ್‌ನಂಥ ವಿದೇಶಿ ಕೀಪರ್‌ಗಳಿದ್ದರು. 2021-22ರಿಂದ ಮೈದಾನದಲ್ಲಿ ನಾಲ್ವರು ವಿದೇಶಿಯರಿಗಷ್ಟೇ ಅವಕಾಶ ಎಂದಾದ ಮೇಲೆ ಆ ಜಾಗಗಳನ್ನು ಕ್ಲಬ್‌ಗಳು ಗೋಲ್ ಹೊಡೆಯುವವರಿಗೆ ಉಳಿಸಿಕೊಳ್ಳುತ್ತವೆ, ಕೈಗವಸು ನಮಗೆ ಸಿಗುತ್ತದೆ.

ಬೆಂಚಿನಲ್ಲಿ ಕೂರುವ ಮೀಸಲು ಕೀಪರ್‌ನ ವಾರ ಹೀಗಿರುತ್ತದೆ. ಪಂದ್ಯಕ್ಕೆ ನಾಲ್ಕು ದಿನ ಮುಂಚೆ ಡೈವ್ ಹೆಚ್ಚು, ಮೂರು ದಿನ ಮುಂಚೆ ಕ್ರಾಸ್ ಮತ್ತು ಉದ್ದ ಕಿಕ್, ಎರಡು ದಿನಕ್ಕೆ ಎದುರಾಳಿಯ ಕಾರ್ನರ್ ಮಾದರಿ, ಹಿಂದಿನ ದಿನ ಕಡಿಮೆ ಹೊತ್ತಿನ ಚುರುಕು ಕೆಲಸ. ಪಂದ್ಯದ ದಿನ ವಾರ್ಮಪ್‌ನಲ್ಲಿ ಎರಡನೇ ಕೀಪರ್ ಮೊದಲನೆಯವನಿಗೆ ಚೆಂಡು ಕೊಡುತ್ತಾನೆ. ಅಲ್ಲಿ ತನ್ನ ದೇಹ ಬಿಸಿಯಾಗಿರುವುದಿಲ್ಲ ಎನ್ನುವುದನ್ನು ಮರೆಯುವವರು ಬಹಳ. ಮಧ್ಯಂತರದಲ್ಲಿ ಹೊರಗೆ ಉಳಿದು ಹತ್ತು ನಿಮಿಷ ಹಿಡಿತ, ಕ್ರಾಸ್, ಕೆಲವು ಡೈವ್ ಮಾಡಿಕೊಳ್ಳಬೇಕು. ಶಿನ್‌ಗಾರ್ಡ್ ಕಾಲಲ್ಲೇ ಇರಲಿ. ಇದ್ದಕ್ಕಿದ್ದಂತೆ ಇಳಿದರೆ ಮೊದಲ ಚೆಂಡನ್ನು ಹಿಂದಿನ ಸಾಲಿನ ಸೆಂಟರ್‌ಬ್ಯಾಕ್‌ನಿಂದ ಸುಲಭದ ಪಾಸ್ ಆಗಿ ಕೇಳಿ ತೆಗೆದುಕೊಳ್ಳಿ. ಪಂದ್ಯದ ಮರುದಿನ ಆಡಿದವರು ವಿಶ್ರಾಂತಿಯಲ್ಲಿದ್ದಾಗ ಆಡದ ಕೀಪರ್‌ಗೆ ಪೂರ್ತಿ ಅಭ್ಯಾಸ ಬೇಕು, ಕೋಚ್ ಮರೆತರೆ ಕೇಳಿಯೇ ಪಡೆಯಬೇಕು.

ಗಾಯಗಳಲ್ಲಿ ಬೆರಳಿನದು ದಿನನಿತ್ಯದ್ದು. ಪಕ್ಕದ ಎರಡು ಬೆರಳು ಸೇರಿಸಿ, ಕೀಲು ಬಿಟ್ಟು ಕೀಲಿನ ಮೇಲೆ ಕೆಳಗೆ ಟೇಪ್ ಸುತ್ತಿದರೆ ಆಡಬಹುದು. ಬೆರಳ ತುದಿ ಬಾಗಿ ತಾನಾಗಿ ನೆಟ್ಟಗಾಗದಿದ್ದರೆ ಅದು ಸ್ನಾಯುರಜ್ಜು ಹರಿದ ಗುರುತು, ಟೇಪ್ ಸಾಲದು, ಎಕ್ಸ್‌ರೇ ಮತ್ತು ಸ್ಪ್ಲಿಂಟ್ ಬೇಕು. ತಲೆಗೆ ಪೆಟ್ಟಾಗಿ ಕಣ್ಣು ಮಂಜಾದರೆ ಆ ದಿನ ಆಟ ಮುಗಿಯಿತು, ಇದರಲ್ಲಿ ಚೌಕಾಸಿ ಇಲ್ಲ.

ಕರಾರು ಓದುವಾಗ ಕೀಪರ್ ಬೇರೆ ಕಣ್ಣಲ್ಲಿ ಓದಬೇಕು. ಆಡಿದ ಪಂದ್ಯಕ್ಕಿಷ್ಟು ಎನ್ನುವ ಬೋನಸ್ ಬೆಂಚಿನವನಿಗೆ ಕಾಗದದ ಮೇಲಿನ ದುಡ್ಡು. ಮಾಸಿಕ ಸಂಬಳ ಗಟ್ಟಿ ಮಾಡಿಕೊಂಡು, ತಂಡದ ಪಟ್ಟಿಯಲ್ಲಿದ್ದರೂ ಬೋನಸ್ ಎಂದು ಬರೆಸಿಕೊಳ್ಳುವುದು ಲೇಸು. ಗಾಯವಾಗಿ ಅವಧಿ ಮುಗಿದರೆ ಚಿಕಿತ್ಸೆಯ ಖರ್ಚು ಯಾರದು ಎಂಬ ಸಾಲು ಇರಬೇಕು. ಕರಾರು ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ನೋಂದಣಿ ವ್ಯವಸ್ಥೆಗೆ ಏರಿದೆಯೇ, ದಿನಾಂಕ ಮೊತ್ತ ಸರಿಯಿದೆಯೇ ನೋಡಿಕೊಳ್ಳಬೇಕು. ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನದ ಲಿಖಿತ ನೋಟಿಸ್ ಕೊಟ್ಟು ಕರಾರು ಕಡಿದುಕೊಳ್ಳಲು ಫಿಫಾ ನಿಯಮದಲ್ಲಿ ದಾರಿಯಿದೆ, ಬಾಯಿಮಾತಿನ ತಗಾದೆಗೆ ಬೆಲೆಯಿಲ್ಲ. ಮೂರನೇ ಕೀಪರ್ ಆಗಿ ದೊಡ್ಡ ಕ್ಲಬ್‌ನಲ್ಲಿ ಉಳಿಯುವುದೋ ಲೋನ್ (ಸ್ವಲ್ಪ ಕಾಲದ ಎರವಲು) ಮೇಲೆ ಕೆಳಗಿನ ಲೀಗ್‌ಗೆ ಹೋಗಿ ಆಡುವುದೋ ಎಂಬ ಪ್ರಶ್ನೆಗೆ, 23ರ ಒಳಗಿನವರಿಗೆ ನಾನು ಹೇಳುವುದು ಹೋಗಿ ಆಡಿ ಎಂದು. ಆದರೆ ಸಹಿಗೆ ಮುಂಚೆ ಮೂರು ಕೇಳಿ: ಅಲ್ಲಿ ಪೂರ್ಣಾವಧಿ ಕೀಪರ್ ಕೋಚ್ ಇದ್ದಾರೆಯೇ, ದಿನದ ಅಭ್ಯಾಸ ಯಾವ ನೆಲದಲ್ಲಿ, ಫಿಸಿಯೋ ಪಂದ್ಯದ ದಿನ ಮಾತ್ರ ಬರುತ್ತಾರೋ ಎಲ್ಲ ದಿನವೂ ಇರುತ್ತಾರೋ.