ಜೂನ್‌ನಲ್ಲಿ ಹಿತಕಿದ ಬೇಳೆ ಸಾರು: ಮೂರನೇ ವರ್ಷಕ್ಕೆ ಕೈಹಿಡಿದ ಅವರೆ

ಕಳೆದ ಜೂನ್‌ನಲ್ಲಿ ಅತ್ತೆಗೆ ಏನೂ ಹೇಳದೆ ಹಿತಕಿದ ಬೇಳೆ ಸಾರು ಬಡಿಸಿದೆ. ಎರಡನೇ ಸಲ ಹಾಕಿಸಿಕೊಂಡು, "ಈಗೆಲ್ಲಿ ಸಿಕ್ತಮ್ಮ ಅವರೆ?" ಅಂದರು. "ಐಸಲ್ಲಿಟ್ಟ ಕಾಳಲ್ಲಿ ಸತ್ವ ಇರಲ್ಲ" ಅಂತ ನನ್ನ ತಲೆ ತಿಂದವರು ಅವರೇ.

ಮೊದಲ ವರ್ಷ ಮಾಡಿದ್ದು ಮಾತ್ರ ಪಕ್ಕಾ ದಡ್ಡತನ. ಅವರೆ ಕಾಳನ್ನು ಐಸಲ್ಲಿಟ್ಟು ಕಾಲ ಮುಗಿದ ಮೇಲೆ ಮಾರೋಣ ಅಂತ ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್ ತಗೊಂಡ ಹುರುಪಲ್ಲಿ, ಜನವರಿಯಲ್ಲಿ ನಾಲ್ಕು ಮೂಟೆ ಕಾಯಿ ಇಳಿಸಿದೆ. ಸುಲಿಯುವವರು ಬಂದಿದ್ದು ಮಾರನೇ ದಿನ. ಮೂಟೆ ಬಿಚ್ಚಿ ಕೈ ಹಾಕಿದರೆ ಒಳಗೆ ಬೆಚ್ಚಗೆ! ಕಿತ್ತ ಕಾಯಿ ಉಸಿರಾಡುತ್ತಾ ತನ್ನ ಸಕ್ಕರೆಯನ್ನೇ ಉರಿಸುತ್ತೆ, ಸಿಹಿ ಅಲ್ಲೇ ಹೋಯ್ತು. ಉಳಿದದ್ದನ್ನು ಹಸಿಯಾಗೇ ಕವರ್‌ಗೆ ತುಂಬಿ ಇಟ್ಟೆ. ಏಪ್ರಿಲ್‌ನಲ್ಲಿ ತೆಗೆದರೆ ಒಣಹುಲ್ಲಿನ ವಾಸನೆ. ಮೈನಸ್ 18 ಡಿಗ್ರಿಯಲ್ಲೂ ಕಾಳಿನೊಳಗಿನ ಕಿಣ್ವಗಳು (ರುಚಿ, ಬಣ್ಣ ಕೆಡಿಸುವ ಎಂಜೈಮುಗಳು) ಸುಮ್ನೆ ಕೂರಲ್ಲ, ನಿಧಾನಕ್ಕೆ ಕೆಲಸ ಮಾಡ್ತಾನೇ ಇರುತ್ತವೆ. ಕೂಲಿ ಸೇರಿ ಹತ್ತಿರತ್ತಿರ 11 ಸಾವಿರ ತಿಪ್ಪೆಗೆ ಹೋಯ್ತು.

ಎರಡನೇ ವರ್ಷ ಹೆದರಿಕೊಂಡು, ಬಿಸಿಗೆ ಆ ಕಿಣ್ವಗಳು ಸುಮ್ಮನಾಗಲಿ ಅಂತ, ದೊಡ್ಡ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿದೆ. ನೀರು ಹಸಿರಾಯ್ತು. ಆ ಹಸಿರು ನೀರಿನ ಜೊತೆಗೇ ಸಿ ವಿಟಮಿನ್ನು, ಫೋಲೇಟು (ಅದೂ ಒಂದು ಬಿ ವಿಟಮಿನ್ನೇ) ಸಾಕಷ್ಟು ಸಿಂಕಿಗೆ. ಹಿತಕಲು ಹೋದರೆ ಬೇಳೆ ಮುದ್ದೆ ಮುದ್ದೆ.

ಮೂರನೇ ವರ್ಷ ಇಡ್ಲಿ ಪಾತ್ರೆ ಹಿಡಿದೆ. ಒಂದು ಸಲಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಇಲ್ಲ, ಎರಡೂವರೆ ನಿಮಿಷ ಆವಿ (ಬಲಿತ ಕಾಳಾದರೆ ಮೂರು), ತಕ್ಷಣ ಐಸ್ ನೀರು, ಬಟ್ಟೆ ಮೇಲೆ ಚೆನ್ನಾಗಿ ಆರಿಸಿ ತಟ್ಟೆಯಲ್ಲಿ ಒಂದೇ ಪದರ ಹರಡಿ ಗಟ್ಟಿ ಮಾಡಿ, ಆಮೇಲೆ ಗಾಳಿ ತೆಗೆದು ಕವರ್‌ಗೆ. ಸೊಗಡು ಇರೋದು ಕಾಯಿಯ ಸಿಪ್ಪೆ ಮೇಲಿನ ಜಿಡ್ಡಿನಲ್ಲಿ, ಸುಲಿದವರ ಕೈಗೆ ಅಂಟುತ್ತಲ್ಲ, ಅದೇ. ಅದನ್ನು ಕಾಳಿಗೆ ಹೇಗೆ ಹತ್ತಿಸ್ತೀನಿ ಅಂತ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಒಂದು ಲಾಭ ನಾನೇ ಎಣಿಸಿರಲಿಲ್ಲ: ಕಾಳು ಕರಗಿದಾಗ ಸಿಪ್ಪೆ ಒತ್ತಿದರೆ ಸಾಕು ಜಾರುತ್ತೆ, ರಾತ್ರಿ ನೆನೆಸುವ ಕೆಲಸವೇ ಇಲ್ಲ.

ಸತ್ವದ ಮಾತು ಬಿಡದೆ ಕಾಡ್ತಿತ್ತಲ್ಲ, ಅದಕ್ಕೆ ಬೀನ್ಸ್ ತಗೊಂಡು ಒಂದು ತರಲೆ ಪರೀಕ್ಷೆ ಮಾಡಿದೆ. ರುಬ್ಬಿ ಸೋಸಿದ ರಸಕ್ಕೆ ಒಂದು ಚಮಚ ಅನ್ನದ ಗಂಜಿ, ಮೇಲಿಂದ ಗಾಯಕ್ಕೆ ಹಚ್ಚುವ ಅಯೋಡಿನ್‌ಗೆ ನೀರು ಬೆರೆಸಿ ಹನಿ ಹನಿ. ಸಿ ವಿಟಮಿನ್ ಇರುವತನಕ ನೀಲಿ ನಿಲ್ಲಲ್ಲ, ಮಾಯವಾಗುತ್ತೆ; ಹನಿ ಜಾಸ್ತಿ ಹಿಡಿದಷ್ಟೂ ವಿಟಮಿನ್ ಜಾಸ್ತಿ ಅಂತ. ಅವತ್ತೇ ತಂದ ಬೀನ್ಸ್‌ಗೆ 22 ಹನಿಯೇನೋ ಹಿಡೀತು. ಮೂರು ದಿನ ಬುಟ್ಟಿಯಲ್ಲಿ ಬಾಡಿದ್ದಕ್ಕೆ ಒಂಬತ್ತೋ ಹತ್ತೋ. ಆವಿ ಕೊಟ್ಟು ಮೂರು ತಿಂಗಳು ಫ್ರೀಜರ್‌ನಲ್ಲಿಟ್ಟಿದ್ದಕ್ಕೆ 16! ಇದು ಲ್ಯಾಬ್ ಲೆಕ್ಕ ಅಲ್ಲ, ಆದ್ರೂ ಅತ್ತೆ ಎದುರಿಗೇ ಮಾಡಿ ತೋರಿಸಿದೆ. ಅಂದಹಾಗೆ ಹಸಿ ಬೀನ್ಸನ್ನು ಫ್ರಿಡ್ಜ್‌ನ ತೀರಾ ತಣ್ಣಗಿನ ಜಾಗದಲ್ಲಿ ಇಡಬೇಡಿ, ವಾರದಲ್ಲಿ ಕಂದು ಕಲೆ, ಗುಳಿ ಬೀಳುತ್ತೆ. ಕೆಳಗಿನ ತರಕಾರಿ ಡಬ್ಬವೇ ಸರಿ.

ದುಡ್ಡು? ಎರಡೂವರೆ ಕೆಜಿ ಕಾಯಿಗೆ ಒಂದು ಕೆಜಿ ಕಾಳು, ಕರೆಂಟು ಕೂಲಿ ಎಲ್ಲ ಸೇರಿ ನನಗೆ 160ರ ಆಸುಪಾಸು ಬಿತ್ತು, ಜೂನ್‌ನಲ್ಲಿ 320ಕ್ಕೆ ಕೊಟ್ಟೆ. 60 ಕೆಜಿ ಎರಡೇ ವಾರದಲ್ಲಿ ಖಾಲಿ. ನಾದಿನಿಗೆ ಅಂತ ಅತ್ತೆ ಈ ಸಲ ಐದು ಕೆಜಿ ಮೊದಲೇ ಹೇಳಿಟ್ಟಿದ್ದಾರೆ, ದುಡ್ಡಿನ ಮಾತು ಮಾತ್ರ ಇನ್ನೂ ಎತ್ತಿಲ್ಲ.