ಶ್ರಾವಣ ನೋಡಿ ಮರಿ ತರುವ ಲೆಕ್ಕ

ಕೋಳಿ ಸಾಕಬೇಕು ಅಂತ ಬರುವವರು ಮೊದಲು ಕೇಳುವುದು ಶೆಡ್ಡಿಗೆ ಎಷ್ಟು ಖರ್ಚಾಯ್ತು ಅಂತ. ಶೆಡ್ಡು ಆಮೇಲೆ ಇರಲಿ, ಮೊದಲು ಮನೆಯ ಪಂಚಾಂಗ ತೆಗೀರಿ ಅಂತ ನಾನು ಹೇಳುತ್ತೇನೆ. ನಮ್ಮ ಹಾವೇರಿ ಕಡೆ ಕೋಳಿ ಯಾವಾಗ ಮಾರುತ್ತದೆ, ಯಾವಾಗ ಯಾರೂ ಮುಟ್ಟುವುದಿಲ್ಲ ಅನ್ನುವುದೆಲ್ಲ ಅದರಲ್ಲಿದೆ. ಯುಗಾದಿ ಕರಿ, ಕಾರಹುಣ್ಣಿಮೆ, ಮಹಾನವಮಿ, ಊರ ದ್ಯಾಮವ್ವನ ಜಾತ್ರೆ, ಇಂಥ ಹೊತ್ತಿನಲ್ಲಿ ಎಷ್ಟಿದ್ದರೂ ಸಾಲುವುದಿಲ್ಲ. ಶ್ರಾವಣ ಹಿಡಿಯಿತು ಅಂದರೆ ತಿನ್ನುವ ಮನೆಯಲ್ಲೂ ಪಾತ್ರೆ ತೊಳೆದು ಮೇಲಿಡುತ್ತಾರೆ. ಆ ತಿಂಗಳಲ್ಲಿ ಬೆಳೆದು ನಿಂತ 300 ಕೋಳಿ ಶೆಡ್ಡಿನಲ್ಲಿದ್ದರೆ ದಿನಾ ಮೇವು ಹಾಕುತ್ತಾ ದುಡ್ಡು ಕರಗುವುದನ್ನು ನೋಡಬೇಕು, ಅಷ್ಟೇ.

ನನ್ನ ಹೊಲ ಬಂಕಾಪುರದ ಹತ್ತಿರ. ಬಾಯ್ಲರ್ ಕೋಳಿಯನ್ನು ನಾನು ಬೇಕೆಂದೇ ಬಿಟ್ಟೆ. ಅದು ಆರು ವಾರದೊಳಗೆ ಎರಡು ಕಿಲೋ ದಾಟುತ್ತದೆ, ಒಂದು ಕಿಲೋ ತೂಕಕ್ಕೆ ಎರಡು ಕಿಲೋ ಮೇವೂ ಬೇಡ. ಆದರೆ ಅದರ ದರ ದಿನಾ ಏರಿಳಿಯುತ್ತದೆ. ಕಂಪನಿಯವರ ಜೊತೆ ಕರಾರು ಮಾಡಿಕೊಂಡರೆ ಮರಿ, ಮೇವು ಅವರೇ ಕೊಟ್ಟು ಸಾಕಿದ ಕೂಲಿ ಕೊಡುತ್ತಾರೆ. ಅದಕ್ಕೆ ಸಾವಿರಾರು ಕೋಳಿಯ ಶೆಡ್ಡು ಬೇಕು. ನಾನು ಹಿಡಿದದ್ದು ಗಿರಿರಾಜ ಮತ್ತು ಸ್ವರ್ಣಧಾರ. ಎರಡೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿಗಳು. ಬಣ್ಣ ಬಣ್ಣದ ಗರಿ, ಗಟ್ಟಿ ಮಾಂಸ. ಮೇವು ಮಾತ್ರ ಜಾಸ್ತಿ ತಿನ್ನುತ್ತವೆ, ಕಿಲೋ ತೂಕಕ್ಕೆ ಮೂರು ಕಿಲೋ ಹಿಡಿಯಿರಿ. ಹಾಗಾಗಿ ಬಾಯ್ಲರ್ ದರಕ್ಕೆ ಇವನ್ನು ಮಾರಿದರೆ ಕೈ ಸುಟ್ಟುಕೊಂಡಂತೆ.

ಮಾರುವ ತೂಕಕ್ಕೆ ಬರಲು ಮೂರರಿಂದ ಮೂರೂವರೆ ತಿಂಗಳು ಬೇಕು. ಹಬ್ಬದಿಂದ ಅಷ್ಟು ಹಿಂದಕ್ಕೆ ಎಣಿಸಿದರೆ ಮರಿ ತರುವ ದಿನ ಸಿಗುತ್ತದೆ. ನವೆಂಬರ್ ಕೊನೆಗೆ ತಂದವು ಯುಗಾದಿಯೊಳಗೆ ಖಾಲಿ. ಮಾರ್ಚ್ ಮೊದಲಿಗೆ ತಂದವು ಕಾರಹುಣ್ಣಿಮೆಯಿಂದ ಶುರುವಾಗಿ ಶ್ರಾವಣದ ಮುಂಚಿನ ಭಾನುವಾರದೊಳಗೆ ಹೋಗುತ್ತವೆ. ಜೂನ್ ಕೊನೆಗೆ ತಂದವು ಶ್ರಾವಣದಲ್ಲಿ ಇನ್ನೂ ಸಣ್ಣವು, ತಿನ್ನುವುದೂ ಕಡಿಮೆ, ಮಹಾನವಮಿಗೆ ಸರಿಯಾಗಿ ತಯಾರು. ಅಧಿಕ ಮಾಸದ ವರ್ಷ ಈ ಲೆಕ್ಕ ಪೂರ್ತಿ ಆಚೀಚೆ ಆಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂತು, ಶ್ರಾವಣ ಎರಡು ತಿಂಗಳಾಯಿತು. ಪಂಚಾಂಗ ಮೊದಲೇ ನೋಡಿದ್ದರಿಂದ ಜುಲೈ ನಡುವಿನೊಳಗೆ ಶೆಡ್ಡು ಖಾಲಿ ಮಾಡಿಕೊಂಡೆ.

ಹೀಗೆ ಒಂದರ ಹಿಂದೆ ಒಂದು ತರಬೇಕಾದರೆ ಮರಿಮನೆ ಬೇರೆ ಇರಬೇಕು. ದೊಡ್ಡ ಕೋಳಿಗಳಿಂದ ದೂರ ಒಂದು ಸಣ್ಣ ಕೋಣೆ ಸಾಕು. ದಿನಾ ಮೊದಲು ಮರಿಗಳ ಕೆಲಸ, ಆಮೇಲೆ ದೊಡ್ಡವು. ಚಪ್ಪಲಿ ಬೇರೆ ಬೇರೆ.

ಮೊದಲ ಮೂರು ವಾರ ನಿದ್ದೆಯ ಆಸೆ ಬಿಡಿ. ತಗಡು ಅಥವಾ ರಟ್ಟಿನಿಂದ ಒಂದೂವರೆ ಅಡಿ ಎತ್ತರದ ದುಂಡನೆ ಆವರಣ ಮಾಡುತ್ತೇನೆ. ಮೂಲೆ ಇರಬಾರದು. ಮೂಲೆ ಸಿಕ್ಕರೆ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಕೆಳಗೆ ಭತ್ತದ ಹೊಟ್ಟು, ಅದರ ಮೇಲೆ ಮೊದಲೆರಡು ದಿನ ಪೇಪರ್, ಅದರ ಮೇಲೆ ಗೋವಿನಜೋಳದ ಸಣ್ಣ ನುಚ್ಚು. ಬಂದ ಕೂಡಲೆ ಬೆಲ್ಲದ ನೀರು. ಬಿಸಿ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸಬೇಕು. ಬಲ್ಬಿನ ಲೆಕ್ಕ ಮರಿಗೆ ಎರಡು ವ್ಯಾಟ್. ಥರ್ಮಾಮೀಟರ್ ಇದ್ದರೂ ನಾನು ಮರಿಗಳನ್ನೇ ನೋಡುತ್ತೇನೆ. ಬಲ್ಬಿನ ಕೆಳಗೆ ಗುಂಪು ಕಟ್ಟಿದರೆ ಚಳಿ. ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಕರೆಂಟ್ ಹೋದಾಗ ಇರಲಿ ಅಂತ ಇದ್ದಲಿ ಶೆಗಡಿ ಇಟ್ಟಿರುತ್ತೇನೆ. ಹೊರಗೆ ಹೊತ್ತಿಸಿ, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ತರಬೇಕು, ಮೇಲಿನ ಕಿಟಕಿ ತೆಗೆದಿರಬೇಕು. ಮಾರ್ಚ್ ಮರಿಗಳಿಗೆ ಈ ರಗಳೆ ಕಡಿಮೆ, ಬಿಸಿಲೇ ಅರ್ಧ ಕೆಲಸ ಮಾಡುತ್ತದೆ.

ಲಸಿಕೆಯಲ್ಲಿ ಕಡಿಮೆ ಕೋಳಿ ಸಾಕುವವರಿಗೆ ಒಂದು ಪೇಚಾಟ ಇದೆ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಮೊದಲ ವಾರ ಲಸೋಟಾ ಲಸಿಕೆಯ ಹನಿ, ಎರಡು ವಾರಕ್ಕೆ ಗಂಬೋರೊ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟಾ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ಆರ್‌ಟುಬಿ ಚುಚ್ಚುಮದ್ದು. ಲಸಿಕೆಯ ಬಾಟಲಿ ತೆರೆದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲುವುದೇ. ಬಾಟಲಿಗಳೋ ಬಹಳ ಸಲ 500, 1000 ಕೋಳಿಯ ಅಳತೆಯವು. ಅದಕ್ಕೇ ನಾನೂ ಪಕ್ಕದ ಊರಿನ ಒಬ್ಬರೂ ಮರಿ ಒಂದೇ ದಿನ ತರುತ್ತೇವೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ನನ್ನವು ಮುಗಿಸಿ, ಥರ್ಮಾಸಿನಲ್ಲಿ ಐಸ್ ಜೊತೆ ಬಾಟಲಿ ಇಟ್ಟುಕೊಂಡು ಬೈಕ್ ಹತ್ತುವುದು. ಇಲ್ಲಿ ಇನ್ನೊಂದು ಚಿಂತೆ ನವಿಲು. ಬಂಕಾಪುರ ಕೋಟೆಯಲ್ಲಿ ನವಿಲುಧಾಮ ಇದೆ, ನೋಡುವವರಿಗೆ ಚಂದ. ಆದರೆ ಕೊಕ್ಕರೆ ರೋಗ ನವಿಲಿಗೂ ಬರುತ್ತದೆ. ಹಾಗಾಗಿ ಕಾಳು ಹೊರಗೆ ಚೆಲ್ಲುವ ಹಾಗಿಲ್ಲ, ಶೆಡ್ಡಿಗೆ ನಾಲ್ಕೂ ಕಡೆ ಜಾಳಿಗೆ ಬೇಕೇ ಬೇಕು.

ಶೆಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ, ಬಿಸಿಲು ನೇರ ಒಳಗೆ ಬೀಳುವುದಿಲ್ಲ. ಕೋಳಿಗೆ ಎರಡು ಚದರಡಿ, ನನ್ನದು 30 ಅಡಿ ಉದ್ದ, 20 ಅಡಿ ಅಗಲ. ತಗಡಿನ ಮೇಲೆ ಗೋವಿನಜೋಳದ ದಂಟು ಹೊದಿಸುತ್ತೇನೆ, ಏಪ್ರಿಲ್‌ನಲ್ಲಿ ಮಗ್ಗುಲಿಗೆ ಗೋಣಿಚೀಲ ಕಟ್ಟಿ ನೀರು ಹೊಡೆಯುತ್ತೇನೆ. ಮಳೆಗಾಲದಲ್ಲಿ ಹೊಟ್ಟು ಹಸಿಯಾದರೆ ರಕ್ತಭೇದಿ ಶುರುವಾಗುತ್ತದೆ. ಹಸಿಯಾದ ಜಾಗದ ಹೊಟ್ಟು ಅವತ್ತೇ ತೆಗೆದು ಸುಣ್ಣ ಹಾಕಿ, ಒಣ ಹೊಟ್ಟು ಸುರಿಯಬೇಕು.

ಖರ್ಚಿನ ಮೂರರಲ್ಲಿ ಎರಡು ಪಾಲು ಮೇವಿನದೇ. ಹಾವೇರಿ ಜಿಲ್ಲೆಯಲ್ಲಿ ಇದ್ದುಕೊಂಡು ಕೋಳಿ ಸಾಕುವ ಲಾಭ ಅಂದರೆ ಗೋವಿನಜೋಳ. ರಾಶಿ ಮುಗಿಯುವ ಹೊತ್ತಿಗೆ, ದರ ಇಳಿದಾಗ, ವರ್ಷದ ಕಾಳು ಹಿಡಿದುಬಿಡುತ್ತೇನೆ. ಮೊದಲ ನಾಲ್ಕು ವಾರ ಮಾತ್ರ ಕಂಪನಿಯ ಸ್ಟಾರ್ಟರ್ ಮೇವು. ಆಮೇಲೆ ನಮ್ಮದೇ: ನೂರು ಕಿಲೋಗೆ ಸುಮಾರು 55 ಕಿಲೋ ಗೋವಿನಜೋಳ, 25 ಕಿಲೋ ಸೋಯಾ ಅಥವಾ ಶೇಂಗಾ ಹಿಂಡಿ, ಉಳಿದದ್ದು ಅಕ್ಕಿ ತೌಡು, ಎರಡು ಕಿಲೋ ಖನಿಜ ಮಿಶ್ರಣ, ಚಿಟಿಕೆ ಉಪ್ಪು. ಗಿರಣಿಯಲ್ಲಿ ಹಿಟ್ಟು ಮಾಡಿಸಬೇಡಿ, ನುಚ್ಚು ಸಾಕು. ಕಾಳು ಹಲ್ಲಿನಲ್ಲಿ ಕಟ್ ಅನ್ನಬೇಕು. ಮೆತ್ತಗೆ ಅನ್ನಿಸಿದರೆ ಇನ್ನೂ ಹಸಿ ಇದೆ, ಬೂಜು ಬರುತ್ತದೆ. ಬೂಜಿನ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಬೂಜು ಹಿಡಿದ ಕಾಳು ಅಗ್ಗ ಅಂತ ತಂದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಮಾರಾಟ ನಾನು ಆದಷ್ಟು ಮನೆ ಬಾಗಿಲಲ್ಲೇ ಮಾಡುತ್ತೇನೆ. ಹುಬ್ಬಳ್ಳಿಯಿಂದ ವ್ಯಾಪಾರಿಗಳು ಬರುತ್ತಾರೆ, ಒಂದೇ ಸಲ ನೂರು ಎತ್ತುತ್ತಾರೆ ನಿಜ. ಆದರೆ ದಾರಿಯಲ್ಲಿ ತೂಕ ಇಳಿಯುತ್ತದೆ ಅಂತ ದರದಲ್ಲೇ ಕತ್ತರಿ ಹಾಕುತ್ತಾರೆ. ಭಾನುವಾರ, ಬುಧವಾರ ಊರವರು ತಾವೇ ಬರುತ್ತಾರೆ. ಜಾತ್ರೆಗೆ ಕೆಂಪು ಹುಂಜ ಮೊದಲು ಖಾಲಿ, ಹರಕೆಯವರು ಚೌಕಾಸಿ ಮಾಡುವುದಿಲ್ಲ. ಎಲ್ಲರೂ ಕೇಳುವುದು ಒಂದೇ:

"ಯಣ್ಣಾ, ಇವು ಜವಾರಿ ಹೌದಿಲ್ಲೋ?"

"ಅಲ್ಲೋ ತಮ್ಮಾ, ಗಿರಿರಾಜ. ಜವಾರಿ ಬೇಕಂದ್ರ ಅಲ್ಲಿ ಹಿತ್ತಲದಾಗ ನಾಕ ಅದಾವು, ಅವುಕ ಬ್ಯಾರೆ ರೇಟು."

ಗಿರಿರಾಜವನ್ನೇ ಜವಾರಿ, ಅಂದರೆ ನಾಟಿ ಕೋಳಿ, ಅಂತ ಮಾರುವವರಿದ್ದಾರೆ. ಒಮ್ಮೆ ಸಾರು ಮಾಡಿ ಉಂಡವರಿಗೆ ಗೊತ್ತಾಗಿಬಿಡುತ್ತದೆ, ಮತ್ತೆ ಆ ಕಡೆ ಬರುವುದಿಲ್ಲ. ಹಿತ್ತಲಿನ ನಾಲ್ಕು ಜವಾರಿ ಹೇಂಟೆ ಸುಮ್ನೆ ಇಟ್ಟದ್ದಲ್ಲ. ಗಿರಿರಾಜ ವರ್ಷಕ್ಕೆ 130-150 ತತ್ತಿ ಇಟ್ಟರೂ ಕಾವಿಗೆ ಕೂರುವುದಿಲ್ಲ. ಕಾವಿಗೆ ಜವಾರಿಯೇ ಆಗಬೇಕು.

ಸಬ್ಸಿಡಿ ಸಿಗುತ್ತಾ ಅಂತಲೂ ಕೇಳುತ್ತಾರೆ. ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಬದಲಾದ ಮೇಲೆ ಗ್ರಾಮೀಣ ಕೋಳಿ ಘಟಕಕ್ಕೆ ಅರ್ಧ ಬಂಡವಾಳ, 25 ಲಕ್ಷದವರೆಗೆ ಇದೆ. ಆದರೆ ಅದು ಸಾವಿರ ತಾಯಿ ಕೋಳಿ, ಮರಿ ಮಾಡುವ ಯಂತ್ರ ಎಲ್ಲ ಇಡುವವರಿಗೆ. 300 ಕೋಳಿಯವರು ಅದರ ಹಿಂದೆ ಓಡಾಡುವುದಕ್ಕಿಂತ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಮಾತಾಡಿಕೊಂಡು ಬರುವುದು ಮೇಲು.

ಗೊಬ್ಬರ ಮರೆಯಬೇಡಿ. ಬ್ಯಾಚ್ ಮುಗಿದಾಗ ಸಿಗುವ ಹೊಟ್ಟನ್ನು ಮೆಣಸಿನಕಾಯಿ ಬೆಳೆಯುವವರು ಚೀಲದ ಲೆಕ್ಕದಲ್ಲಿ ಒಯ್ಯುತ್ತಾರೆ. ಹಸಿಯಾಗಿ ಹಾಕಿದರೆ ಸಸಿ ಸುಡುತ್ತದೆ, ಗುಂಡಿಯಲ್ಲಿ ಕೊಳೆಸಿ ಕೊಡುತ್ತೇನೆ. ಮರಿಗಳ ಮುಂದಿನ ಮುಂಗಡಕ್ಕೆ ಆ ದುಡ್ಡು ಬಹುತೇಕ ಸಾಕಾಗುತ್ತದೆ.