ಜೀರ್ಣೋದ್ಧಾರವಾದ ಮಸ್ಟ್ಯಾಂಗ್ ಮಾರುವುದು ಹೇಗೆ?

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿರುವ ಗ್ರೇಟ್ ಮಾಲ್‌ಗೆ ಹೋಗಿ ಬರುವ ಕನ್ನಡಿಗರಲ್ಲಿ ಅನೇಕರಿಗೆ ಅದು ಹಿಂದೆ ಫೋರ್ಡ್ ಕಾರ್ಖಾನೆಯಾಗಿತ್ತೆಂದು ಗೊತ್ತಿಲ್ಲ. 1983ರವರೆಗೆ ಅಲ್ಲಿ ಕಾರುಗಳು ತಯಾರಾಗುತ್ತಿದ್ದವು. ನಾನು ಹನ್ನೊಂದು ವರ್ಷ ಇಟ್ಟುಕೊಂಡು ಮಾರಿದ 1967ರ ಫೋರ್ಡ್ ಮಸ್ಟ್ಯಾಂಗ್ ಕೂಪೆ (ಎರಡು ಬಾಗಿಲಿನ ಕಾರು) ಹುಟ್ಟಿದ್ದೂ ಅಲ್ಲೇ. ಎಂಜಿನ್ ಹಳೆಯದೇ, 289 ಘನ ಅಂಗುಲದ, ಎಂಟು ಸಿಲಿಂಡರಿನ ವಿ8. ಆದರೆ ಕಾರ್ಬ್ಯುರೇಟರ್ ಇದ್ದ ಜಾಗದಲ್ಲಿ ಫ್ಯುಯೆಲ್ ಇಂಜೆಕ್ಷನ್, ಮೂರು ಗೇರಿನ ಆಟೊಮ್ಯಾಟಿಕ್ ಬದಲು ಐದು ಗೇರಿನ ಮ್ಯಾನ್ಯುಯಲ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಹೀಗೆ ಹೊಸ ಕಾಲದ ಭಾಗಗಳನ್ನು ಹಾಕಿ ಜೀರ್ಣೋದ್ಧಾರ ಮಾಡಿದ ಹಳೆಯ ಕಾರನ್ನು ಅಮೆರಿಕದವರು ರೆಸ್ಟೊಮಾಡ್ ಎನ್ನುತ್ತಾರೆ.

ಮೂಲರೂಪದಲ್ಲೇ ಉಳಿದ ಕಾರನ್ನು ಕಾರ್ಖಾನೆಯ ದಾಖಲೆಯ ಪಕ್ಕದಲ್ಲಿಟ್ಟು ಅಳೆಯಬಹುದು. ರೆಸ್ಟೊಮಾಡ್ ಕೊಳ್ಳುವವರು ತಾವು ಕಂಡರಿಯದ ಮೆಕ್ಯಾನಿಕ್‌ನ ಕೈಯನ್ನು ನಂಬಬೇಕು. ಆ ನಂಬಿಕೆಗೆ ಆಧಾರ ಒದಗಿಸುವುದೇ ಮಾರುವವರ ಮುಖ್ಯ ಕೆಲಸ.

ಮೊದಲು ಕಾರ್ಖಾನೆ ಕಾರಿಗೆ ಕೊಟ್ಟ ಗುರುತಿನ ಸಂಖ್ಯೆಯನ್ನು ಓದಿಕೊಳ್ಳಿ. ನನ್ನದು 7R01C ಎಂದು ಶುರುವಾಗುತ್ತಿತ್ತು: 7 ಅಂದರೆ 1967, R ಅಂದರೆ ಸ್ಯಾನ್ ಹೋಸೆ ಕಾರ್ಖಾನೆ (ಮಿಲ್ಪಿಟಾಸ್‌ನದಕ್ಕೆ ಇದ್ದ ಹೆಸರು ಅದೇ), 01 ಅಂದರೆ ಕೂಪೆ, C ಅಂದರೆ ಎರಡು ಬ್ಯಾರಲ್ ಕಾರ್ಬ್ಯುರೇಟರಿನ 289. ಬಾನೆಟ್ ಎತ್ತಿದರೆ ಚಾಲಕನ ಬದಿಯ ಒಳತಗಡಿನಲ್ಲಿ ಈ ಸಂಖ್ಯೆ ಕೊರೆದಿರುತ್ತದೆ. ಅದು ಬಾಗಿಲ ತಗಡಿನ ಸಂಖ್ಯೆಗೂ ಮಾಲೀಕತ್ವದ ಪತ್ರಕ್ಕೂ ತಾಳೆಯಾಗಬೇಕು. ಒಂದಂಕಿ ತಪ್ಪಿದರೂ ಮೊದಲು ಅದನ್ನು ಸರಿಪಡಿಸಿ. 1967ರಿಂದೀಚಿನ ಫೋರ್ಡ್‌ಗಳಿಗೆ ಮಾರ್ಟಿ ವರದಿ ಸಿಗುತ್ತದೆ. ಕಾರು ಯಾವ ಬಣ್ಣ, ಯಾವ ಗೇರ್‌ಬಾಕ್ಸ್‌ನೊಂದಿಗೆ ಹೊರಬಂತೆಂದು ಕಾರ್ಖಾನೆಯ ದಾಖಲೆಯಿಂದಲೇ ಅದು ಹೇಳುತ್ತದೆ. ಏನನ್ನು ಬದಲಿಸಿದ್ದೀರಿ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದವಿಲ್ಲ.

ಇನ್ನು ತುಕ್ಕು. ಈ ಕಾರುಗಳಲ್ಲಿ ಮುಂಗಾಜಿನ ಬುಡದ ಸೀಳುಗಳಿಂದ ಮಳೆನೀರು ಒಳಗಿನ ತಗಡಿನ ತೊಟ್ಟಿಗೆ ಇಳಿದು ಪಕ್ಕಕ್ಕೆ ಹರಿದು ಹೋಗುತ್ತದೆ. ಕೌಲ್ ಎಂಬ ಆ ಭಾಗಕ್ಕೆ ತುಕ್ಕು ಹಿಡಿದರೆ ಹೊರಗಿನಿಂದ ಏನೂ ಕಾಣದು. ಕಾರನ್ನು ಕೊಂಡಾಗ ನಾನು ಹೊಸ ಕಾರ್ಪೆಟ್ ನೋಡಿ ಒಪ್ಪಿದ್ದೆ. ಮೊದಲ ಮಳೆಗೇ ಪಾದ ನೆನೆಯಿತು. ಕಾರ್ಪೆಟ್ ಎತ್ತಿ ಬೆರಳೊತ್ತಿದರೆ ನೆಲದ ತಗಡು ಕಂದು ಪುಡಿಯಾಗಿ ಉದುರಿತು. ಮೇಲೆ ಥಳುಕು, ಒಳಗೆ ಹುಳುಕು. ಆ ತಗಡನ್ನೆಲ್ಲ ಕತ್ತರಿಸಿ ಹೊಸದು ಬೆಸೆಸಿದೆ. ಮಾರುವಾಗ ಕಾರ್ಪೆಟ್ ಸರಿಸಿ, ಎರಡೂ ಬದಿ ಒಣ ಪತ್ರಿಕೆ ಹಾಸಿ, ಒಂದು ಬಕೆಟ್ ನೀರನ್ನು ಆ ಸೀಳುಗಳಿಗೆ ನಿಧಾನವಾಗಿ ಸುರಿದೆ. ಪತ್ರಿಕೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಒಂದೇ ಓಟದಲ್ಲಿ ತೆಗೆದ ಆ ವಿಡಿಯೊ, ಫಳಫಳ ಹೊಳೆಯುವ ಬಣ್ಣದ ಇಪ್ಪತ್ತು ಚಿತ್ರಗಳಿಗಿಂತ ಹೆಚ್ಚು ಕೆಲಸ ಮಾಡಿತು. ಹಾಗೆಯೇ ತಣ್ಣಗಿರುವ ಎಂಜಿನ್ ಚಾಲೂ ಮಾಡುವುದನ್ನೂ ಚಿತ್ರೀಕರಿಸಿ. ಮೊದಲೇ ಬೆಚ್ಚಗೆ ಮಾಡಿಟ್ಟ ಎಂಜಿನ್ ಅನೇಕ ದೋಷಗಳನ್ನು ಮುಚ್ಚಿಡುತ್ತದೆ.

ಮೂರನೆಯದು ಬದಲಾವಣೆಗಳ ಕಡತ. ಪ್ರತಿ ಬಿಡಿಭಾಗದ ತಯಾರಕರು, ಮಾದರಿ ಸಂಖ್ಯೆ, ಹಾಕಿಸಿದ ದಿನಾಂಕ, ರಸೀದಿ, ವೈರಿಂಗ್ ನಕ್ಷೆ ಎಲ್ಲವೂ ಇರಲಿ. ಫ್ಯುಯೆಲ್ ಇಂಜೆಕ್ಷನ್ ಕಾರ್ಬ್ಯುರೇಟರಿಗಿಂತ ಹಲವು ಪಟ್ಟು ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲ್ ಬೇಡುತ್ತದೆ. ಹಳೆಯ ರಬ್ಬರ್ ಕೊಳವೆಯನ್ನೇ ಬಿಟ್ಟಿದ್ದರೆ ಬೆಂಕಿ ಹತ್ತುವ ಅಪಾಯ ನಿಜವಾದದ್ದು. ತಿಳಿದ ಗ್ರಾಹಕರು ಮೊದಲು ಕೈ ಹಾಕುವುದೂ ಅಲ್ಲಿಗೇ. ಬಾಯಿಮಾತಿಗಿಂತ ಹೊಸ ಕೊಳವೆಯ ಮೇಲೆ ಅಚ್ಚಾಗಿರುವ ಬರಹವನ್ನು ಹತ್ತಿರದಿಂದ ತೆಗೆದ ಚಿತ್ರ ಮೇಲು.

ದೋಷಗಳನ್ನು ನೀವೇ ಬರೆಯಿರಿ. ಬಾಗಿಲ ಅಂಚಿನಲ್ಲಿ ಬಣ್ಣ ಎದ್ದಿದೆ, ಗಡಿಯಾರ ನಡೆಯುವುದಿಲ್ಲ, ಹೀಗೆ.

ಬೆಲೆಯ ವಿಷಯದಲ್ಲಿ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು. ಸುರಿದ ಹಣವೆಲ್ಲ ಮರಳುವುದು ಅಪರೂಪ. ಕೂಪೆಗೆ ಅದೇ ವರ್ಷದ ಫಾಸ್ಟ್‌ಬ್ಯಾಕ್‌ನ (ಸೂರು ಹಿಂದಕ್ಕೆ ಇಳಿಜಾರಾಗಿರುವ ಮಸ್ಟ್ಯಾಂಗ್) ಬೆಲೆ ಬರುವುದಿಲ್ಲ. ಹ್ಯಾಗರ್ಟಿಯಂಥ ಬೆಲೆಪಟ್ಟಿ ಒಂದು ಅಂದಾಜಿಗಷ್ಟೇ. ಬ್ರಿಂಗ್ ಎ ಟ್ರೇಲರ್‌ನಂಥ ಹರಾಜು ತಾಣಗಳಲ್ಲಿ ಇಂಥದೇ ಬದಲಾವಣೆಗಳಾದ ಕಾರುಗಳು ನಿಜವಾಗಿ ಎಷ್ಟಕ್ಕೆ ಹೋದವು ನೋಡಿ. ಕೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ.

ಹಣವನ್ನು ಗ್ರಾಹಕರ ಜೊತೆ ಬ್ಯಾಂಕಿನಲ್ಲೇ ಕುಳಿತು ಪಡೆಯಿರಿ. ಬ್ಯಾಂಕೇ ಕೊಟ್ಟಂತೆ ಕಾಣುವ ನಕಲಿ ಕ್ಯಾಷಿಯರ್ ಚೆಕ್‌ಗಳ ಹಾವಳಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 1975ರ ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಬೇಕಿಲ್ಲ. ಆದರೆ ಮಾರಿದ 5 ದಿನಗಳೊಳಗೆ ಹೊಣೆ ಬಿಡುಗಡೆಯ ಸೂಚನೆಯನ್ನು ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ಸಲ್ಲಿಸಲೇಬೇಕು. ತಡಮಾಡಿದರೆ ಕೊಂಡವರ ಪಾರ್ಕಿಂಗ್ ದಂಡ ನಿಮ್ಮ ಮನೆಗೆ ಬರಬಹುದು.

ತೆಗೆದಿಟ್ಟ ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ. ನನ್ನ ಕಾರು ಟ್ರೇಲರ್ ಏರಿದ ದಿನ ಅದರ ಡಿಕ್ಕಿಯಲ್ಲಿ ಹಳೆಯ ಕಾರ್ಬ್ಯುರೇಟರ್, ಎರಡು ಬ್ರೇಕ್ ಡ್ರಮ್, ಒಂದು ಡಬ್ಬ ತುಂಬ ಬೋಲ್ಟ್‌ಗಳಿದ್ದವು. ಎಲ್ಲಿಂದ ಬಿಚ್ಚಿದ್ದೆಂದು ಪ್ರತಿಯೊಂದಕ್ಕೂ ಚೀಟಿ ಕಟ್ಟಿದ್ದೆ.